ಒಂದೇ ಸಗಣಿ: ಒಲೆಗೂ ಹೊಲಕ್ಕೂ

ಮಹಾಕೂಟದ ಸುತ್ತಲ ಗುಡ್ಡಗಳದ್ದು ಬಹುಪಾಲು ಕುರುಚಲು ಕಾಡು. ಮಳೆ ಕಡಿಮೆ, ಮಣ್ಣು ತೆಳು. ಒಮ್ಮೆ ಕಡಿದ ಗಿಡ ಮತ್ತೆ ಒಲೆಗಾಗುವಷ್ಟು ಬೆಳೆಯಲು ವರ್ಷಗಳು ಬೇಕು. ಆದರೂ ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ಸಿಲಿಂಡರ್ ಇದ್ದ ಮನೆಗಳಲ್ಲೂ ರೊಟ್ಟಿಗೆ, ನೀರು ಕಾಸಲು ಜಾಲಿ, ಹತ್ತಿಕಟ್ಟಿಗೆ, ಕುಳ್ಳು ಉರಿಯುತ್ತವೆ. ಹೊಗೆ ಕುಡಿಯುವವರು ಹೆಣ್ಣುಮಕ್ಕಳು. ದನ ಕಟ್ಟಿದ ಮನೆಗಳಿಗಾದರೂ ಇದಕ್ಕೆ ಪರಿಹಾರ ಕೊಟ್ಟಿಗೆಯಲ್ಲೇ ಇದೆ: ಸಗಣಿಯನ್ನು ಮುಚ್ಚಿದ ಗುಂಡಿಗೆ ಹಾಕಿ ಪಡೆಯುವ ಗೋಬರ್ ಗ್ಯಾಸ್. ಅಡ್ಡ ನಿಂತಿರುವ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ನಂಬಿಕೆ: "ಹೆಂಡಿ ಗುಂಡಿಗೆ ಹಾಕಿದ್ರ ಗೊಬ್ಬರದ ಕಸುವು ಗ್ಯಾಸ್‌ನ್ಯಾಗ ಹೋಗತೈತಿ."

ಸತ್ಯ: ಗ್ಯಾಸಾಗಿ ಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಬಹುಪಾಲು ಗುಂಡಿಯಿಂದ ಹೊರಬರುವ ಬಗ್ಗಡದಲ್ಲೇ ಉಳಿದು ಹೊಲಕ್ಕೆ ಸೇರುತ್ತವೆ. ಸಾರಜನಕ ನಿಜವಾಗಿ ಕಳೆದುಹೋಗುವುದು ಕುಳ್ಳು ತಟ್ಟಿ ಸುಟ್ಟಾಗ.

ನಂಬಿಕೆ: "ಅಡಿಗಿ ನಾರತೈತಿ, ರೊಟ್ಟಿ ಉಬ್ಬಂಗಿಲ್ಲ."

ಸತ್ಯ: ಗೋಬರ್ ಗ್ಯಾಸಿನಲ್ಲಿ ಶೇ. 55ರಿಂದ 65ರಷ್ಟು ಮೀಥೇನ್. ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡ್. ನಾರುವ ಹೈಡ್ರೋಜನ್ ಸಲ್ಫೈಡ್ ಅತ್ಯಲ್ಪ, ಅದೂ ಉರಿಯಲ್ಲಿ ಸುಟ್ಟುಹೋಗುತ್ತದೆ. ಮನೆಯೊಳಗೆ ವಾಸನೆ ಬಂದರೆ ಪೈಪು ಸೋರುತ್ತಿದೆ ಎಂದೇ ಅರ್ಥ. ಜೋಡಣೆಗೆ ಸೋಪಿನ ನೊರೆ ಹಚ್ಚಿ ನೋಡಿ; ಗುಳ್ಳೆ ಎದ್ದಲ್ಲಿ ಸೋರಿಕೆ. ಕಡ್ಡಿ ಗೀರಿ ಮಾತ್ರ ನೋಡಬೇಡಿ. ಉರಿ ಹಳದಿಯಾಗಿದ್ದರೆ ಒಲೆಯ ಗಾಳಿಕಿಂಡಿ ತುಸು ತೆರೆಯಿರಿ, ನೀಲಿಗೆ ತಿರುಗುತ್ತದೆ. ಹಂಚಿನ ಮೇಲೆ ಎರಡೂ ಮಗ್ಗುಲು ಬೆಂದ ಜೋಳದ ರೊಟ್ಟಿಯನ್ನು ಕೆಂಡಕ್ಕೆ ಒಡ್ಡುವ ಬದಲು ಆ ಉರಿಗೆ ಹಿಡಿದರೂ ಉಬ್ಬುತ್ತದೆ.

ನಂಬಿಕೆ: "ಹತ್ತಾರು ದನ ಇದ್ದವರಿಗೆ ಮಾತ್ರ."

ಸತ್ಯ: 25 ಕಿಲೋ ಸಗಣಿಯಿಂದ ಸುಮಾರು 1 ಘನ ಮೀಟರ್ ಗ್ಯಾಸ್. ನಾಲ್ಕೈದು ಜನರ ಮನೆಗೆ ದಿನಕ್ಕೆ ಒಂದೂವರೆ ಘನ ಮೀಟರ್ ಸಾಕು. ನಾಲ್ಕು ದನಗಳಿದ್ದರೆ ನಡೆಯುತ್ತದೆ. ಗುಂಡಿಯ ಸೂಕ್ಷ್ಮಜೀವಿಗಳಿಗೆ ಹಿತವಾದದ್ದು 30–35 ಡಿಗ್ರಿ ಶಾಖ, ಅದಕ್ಕೆ ನಮ್ಮ ಸೆಕೆ ಅನುಕೂಲವೇ. ನಮ್ಮ ನಿಜವಾದ ಕೊರತೆ ನೀರು. ಸಗಣಿಯಷ್ಟೇ ನೀರು ಬೇಕು, ಅಂದರೆ ದಿನಕ್ಕೆ ಮೂರು ಕೊಡ. ಕೊಟ್ಟಿಗೆ ತೊಳೆದ, ಸೋಪು ಬೆರೆಯದ ನೀರು ಇದಕ್ಕಾಗುತ್ತದೆ. ಬೇಸಿಗೆಯಲ್ಲಿ ಅದಕ್ಕೂ ತತ್ವಾರವಾದರೆ ಬಗ್ಗಡದ ತಿಳಿಯನ್ನೇ ಮತ್ತೆ ಬೆರೆಸಬಹುದು.

ನಂಬಿಕೆ: "ಇಷ್ಟು ಬಿಸಿಲೈತಿ, ಸೋಲಾರ್ ಒಲಿ ಒಂದ ಸಾಕು."

ಸತ್ಯ: ಪೆಟ್ಟಿಗೆಯಂಥ ಸೌರ ಒಲೆಯಲ್ಲಿ ಅನ್ನ, ಬೇಳೆ ಎರಡು ಮೂರು ತಾಸಿನಲ್ಲಿ ಬೇಯುತ್ತವೆ. ಆದರೆ ರೊಟ್ಟಿಯ ಹಂಚಿಗೆ ಬೇಕಾದ ಶಾಖ ಅದರಲ್ಲಿ ಸಿಗದು, ಸಂಜೆಯ ಅಡುಗೆಗೆ ಬಿಸಿಲೂ ಇರದು. ಮಧ್ಯಾಹ್ನದ ಬೇಳೆಗೆ ಅದನ್ನು ಬಳಸಿದರೆ ಗ್ಯಾಸ್ ರಾತ್ರಿಯ ರೊಟ್ಟಿಗೆ ಉಳಿಯುತ್ತದೆ.

ನಂಬಿಕೆ: "ಕಟ್ಟಿದ್ದೆಲ್ಲಾ ಹಾಳ ಬಿದ್ದಾವ, ಇದು ನಡಿಯಂಗಿಲ್ಲ."

ಸತ್ಯ: ಹಾಳು ಬಿದ್ದ ಗುಂಡಿಗಳು ಉಂಟು. ನಿತ್ಯ ಸಗಣಿ ಕಲಸಿ ಹಾಕದಿದ್ದರೆ ಗ್ಯಾಸ್ ನಿಲ್ಲುತ್ತದೆ. ಗ್ಯಾಸ್ ಹಿಡಿದಿಡುವ ಗುಮ್ಮಟ ಬಿರಿದರೆ ಸೋರುತ್ತದೆ. ಆದರೆ ಶಿರಸಿ ತಾಲ್ಲೂಕನ್ನು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಬಹುತೇಕ ಘಟಕಗಳು ನಡೆಯುತ್ತಿದ್ದವು. ಅಲ್ಲಿ ನೀರಿತ್ತು ನಿಜ. ಜೊತೆಗೆ ಕಟ್ಟಿದವರೇ ಖಾತ್ರಿ ಕೊಟ್ಟು ದುರಸ್ತಿಗೂ ಬರುತ್ತಿದ್ದರು. ನಮ್ಮಲ್ಲಿ ಆಗಬೇಕಾದದ್ದೂ ಅದೇ. ಪಂಚಾಯ್ತಿಯಲ್ಲಿ ಸಹಾಯಧನ ಕೇಳುವಾಗ, ಕರೆದಾಗ ಬಂದು ರಿಪೇರಿ ಮಾಡುವ ಗೌಂಡಿಯನ್ನೂ ಕೇಳಿ ಪಡೆಯಿರಿ.