ನಳದ ನೀರು ಮತ್ತು ಅಣುವಿನ ತಕ್ಕಡಿ

ನೀರಿನ ವಿಷಯದಲ್ಲಿ ಮೂಗನ್ನು ಪೂರ್ತಿಯಾಗಿ ನಂಬುವಂತಿಲ್ಲ. ಮಳೆಗಾಲದಲ್ಲಿ ನಳದ ನೀರಿಗೆ ಔಷಧದ ವಾಸನೆ ಬಂದಿತೆಂದು ನಾವು ಗೊಣಗುತ್ತೇವೆ. ಆ ಕ್ಲೋರಿನ್ನೇ ನಮ್ಮನ್ನು ಕಾಯುವಂಥದು. ಭಾಂಡುಪದ ಶುದ್ಧೀಕರಣ ಕೇಂದ್ರದಿಂದ ಚೊಕ್ಕಟವಾಗಿ ಹೊರಟ ನೀರೂ ದಾರಿಯಲ್ಲಿ ಕೆಡುವುದುಂಟು. ಸರಬರಾಜು ನಿಂತು ಕೊಳವೆ ಬರಿದಾದಾಗ ಬಿರುಕಿನ ಮೂಲಕ ಪಕ್ಕದ ಗಟಾರದ ಹೊಲಸು ಒಳಗೆ ಸೇರುತ್ತದೆ.

ಹೊಲಸಿಗಿಂತ ಕಾಣದ ವೈರಿ ಬೇರೆ ಇದೆ: ಪೆಟ್ರೋಲು, ಥಿನ್ನರುಗಳಂಥವು. ನೆಲದಲ್ಲಿ ಸೋರಿದ ಇವು ಬಾವಿ, ಬೋರುಗಳ ನೀರಿಗೆ ಇಳಿಯುತ್ತವೆ. ಪೆಟ್ರೋಲಿನಲ್ಲಿರುವ ಬೆನ್ಜೀನ್ ಬಹುಕಾಲ ಹೊಟ್ಟೆಗೆ ಹೋದರೆ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಲೀಟರಿಗೆ 10 ಮೈಕ್ರೋಗ್ರಾಮಿನ ಮಿತಿ ಹೇಳಿದೆ. ಎಂದರೆ 10,000 ಲೀಟರಿನ ಹತ್ತು ಟ್ಯಾಂಕರುಗಳಲ್ಲಿ ಒಟ್ಟು ಒಂದು ಗ್ರಾಮು! ಇದು ಯಾವ ನಾಲಿಗೆಗೆ ತಿಳಿದೀತು?

ಇದನ್ನು ತಿಳಿಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರು. ಕೇಂಬ್ರಿಜ್‌ನಲ್ಲಿ ಆಸ್ಟನ್ 1919ರಲ್ಲಿ ಒಂದನ್ನು ಕಟ್ಟಿ, 1922ರಲ್ಲಿ ನೊಬೆಲ್ ಬಹುಮಾನ ಪಡೆದರು. ಅಣುವಿಗೆ ವಿದ್ಯುತ್ತಿನ ಅಂಶ ಕೊಟ್ಟು, ಗಾಳಿಯಿಲ್ಲದ ಪೆಟ್ಟಿಗೆಯಲ್ಲಿ ಓಡಿಸಿ, ಅಯಸ್ಕಾಂತದಿಂದ ಬಾಗಿಸುವುದು ಅದರ ಮೂಲ ರೀತಿ. ತಿರುವಿನಲ್ಲಿ ಸೈಕಲ್ಲು ಸರಕ್ಕನೆ ಹೊರಳಿದರೆ ತುಂಬಿದ ಲಾರಿ ಅಗಲವಾಗಿ ಸುತ್ತುವುದಿಲ್ಲವೇ? ಹಾಗೆಯೇ ಹಗುರ ಅಣು ಹೆಚ್ಚು ಬಾಗುತ್ತದೆ, ಭಾರದ್ದು ಕಡಿಮೆ. ಬಾಗಿದ ಅಳತೆಯೇ ತೂಕ, ಬೆನ್ಜೀನಿನದು 78.

ಆದರೆ ನೀರನ್ನು ನೇರವಾಗಿ ಒಳಗೆ ಬಿಟ್ಟರೆ ಆ ಶೂನ್ಯ ಕೆಡುತ್ತದೆ. ಹೋಕ್ ಮತ್ತು ಕೋಕ್ ಎಂಬವರು 1963ರಲ್ಲಿ ತೆಳುಪೊರೆಯ ಉಪಾಯ ತೋರಿಸಿದರು. ಈಗ ಸಿಲಿಕೋನಿನ ಪೊರೆ ಬಳಕೆಯಲ್ಲಿದೆ. ಬೆನ್ಜೀನ್ ಅದರೊಳಗೆ ನುಸುಳುತ್ತದೆ, ನೀರು ಬಹುಪಾಲು ಹೊರಗೇ ಉಳಿಯುತ್ತದೆ. ಇಂಥ ಯಂತ್ರವನ್ನು ಗಾಡಿಯಲ್ಲಿ ಬಾವಿಯ ಬಳಿಗೇ ಒಯ್ದು ಕೆಲವೇ ನಿಮಿಷಗಳಲ್ಲಿ ಉತ್ತರ ಪಡೆಯಬಹುದು.

ಆದರೂ ಅದು ಸರ್ವಜ್ಞನಲ್ಲ. ಸೀಸ, ಆರ್ಸೆನಿಕ್ ಆವಿಯಾಗವು, ಪೊರೆ ದಾಟವು. ಅವುಗಳಿಗೆ ಪ್ರಯೋಗಾಲಯದ ಬೇರೆ ಯಂತ್ರ ಬೇಕು. ಕುದಿಸಿದರೂ ಅವು ಹೋಗವು, ನೀರು ಇಂಗಿದಷ್ಟೂ ಗಾಢವಾಗುತ್ತವೆ. ಗಟಾರದ ಕ್ರಿಮಿಗೋ ಅಗ್ಗದ ಶೀಶೆಯೇ ಸಾಕು: ಮಂಜ, ಮೌರ್ಯ, ರಾವ್ ಎಂಬ ಭಾರತೀಯರು 1982ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಕೆಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಕ್ರಿಮಿಗೆ ಕುದಿಸುವುದೇ ಮದ್ದು.

ಬಾವಿಯ ಅಥವಾ ಟ್ಯಾಂಕರಿನ ನೀರಿಗೆ ಥಿನ್ನರಿನ ವಾಸನೆ ಬಂದರೆ ಕುಡಿಯಬಾರದು, ಮುಚ್ಚಿದ ಕೋಣೆಯಲ್ಲಿ ಕುದಿಸಲೂಬಾರದು. ಮುಲುಂಡಿನವರು ಟಿ ವಾರ್ಡು ಕಚೇರಿಗೆ ತಿಳಿಸಬೇಕು. ಮಾದರಿ ಒಯ್ಯುವುದಾದರೆ ಗಾಜಿನ ಶೀಶೆಯನ್ನು ಕಂಠಮಟ್ಟ ತುಂಬಿ, ಗಾಳಿಯ ಗುಳ್ಳೆ ಉಳಿಯದಂತೆ ಬಿರಡೆ ಬಿಗಿದು, ತಂಪಾಗಿರಿಸಿ, ಅದೇ ದಿನ ಮುಟ್ಟಿಸಬೇಕು. ತಡವಾದರೆ ಹುಡುಕುವ ವಸ್ತುವೇ ಹಾರಿಹೋಗಿರುತ್ತದೆ.