ದಣಿವುಂಟು, ನಡಿಗೆಯಿಲ್ಲ

ಬೆಳಗಿನ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ನಿಂತೇ ಇರುವ ಹೆಂಗಸಿಗೆ ‘ನಿಮಗೆ ವ್ಯಾಯಾಮ ಸಾಲದು’ ಎಂದು ಡಾಕ್ಟರು ಹೇಳಿದರೆ ಸಿಟ್ಟು ಬರುವುದು ಸಹಜ. ನೀರು ಹಿಡಿದವಳು, ಕಸ ಗುಡಿಸಿದವಳು, ಮಕ್ಕಳಿಗೆ ಡಬ್ಬಿ ಕಟ್ಟಿದವಳು, ಅತ್ತೆಗೆ ಮಾತ್ರೆ ಕೊಟ್ಟವಳು, ಒಂದು ಲೋಟ ಕಾಫಿಯನ್ನೂ ಕೂತು ಕುಡಿಯದವಳು ಆಕೆಯೇ. ಆದರೂ ಡಾಕ್ಟರ ಮಾತು ಸುಳ್ಳಲ್ಲ. ಮೈ ದಣಿದಿರಬಹುದು, ಅದೇ ಮೈಗೆ ಬೇಕಾದಷ್ಟು ಚಲನೆ ಸಿಗದೆಯೂ ಇರಬಹುದು. ಭಾರತದ ಹೆಂಗಸರ ಆರೋಗ್ಯದ ಅಂಕಿಅಂಶ ಓದುವ ಮುನ್ನ ಇದನ್ನು ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ಆ ಅಂಕಿಗಳೆಲ್ಲ ಹೆಂಗಸರ ಮೇಲಿನ ದೂರಾಗಿಯೇ ಕೇಳಿಸುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರೂ ಸೇರಿ ಮಾಡಿದ ಒಂದು ದೊಡ್ಡ ಅಂದಾಜು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂತು. 2022ರಲ್ಲಿ ಜಗತ್ತಿನ ವಯಸ್ಕರಲ್ಲಿ ಶೇ. 31ರಷ್ಟು, ಅಂದರೆ ಸುಮಾರು 180 ಕೋಟಿ ಜನ, ಆರೋಗ್ಯಕ್ಕೆ ಬೇಕಾದಷ್ಟು ಮೈ ಆಡಿಸುತ್ತಿರಲಿಲ್ಲ. ಭಾರತದಲ್ಲಿ ಈ ಪ್ರಮಾಣ 2000ದಲ್ಲಿ ಶೇ. 22ರ ಆಸುಪಾಸಿನಲ್ಲಿತ್ತು. 2022ರ ಹೊತ್ತಿಗೆ ಹತ್ತಿರಹತ್ತಿರ ಅರ್ಧಕ್ಕೆ ಏರಿತು. ಗಂಡಸರಲ್ಲಿ ಶೇ. 42, ಹೆಂಗಸರಲ್ಲಿ ಶೇ. 57. ಅಳತೆಗೋಲು ದೊಡ್ಡದೇನಲ್ಲ: ವಾರಕ್ಕೆ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಅಥವಾ 75 ನಿಮಿಷ ಜೋರಿನದು. ವಾರದಲ್ಲಿ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೂ ಸಾಕು. ಅಷ್ಟೂ ನಮ್ಮ ದೇಶದ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ದಕ್ಕುತ್ತಿಲ್ಲ.

ಹಾಗಾದರೆ ದಿನವಿಡೀ ಮಾಡಿದ ಕೆಲಸ ಎಲ್ಲಿ ಹೋಯಿತು? ‘ಮಧ್ಯಮ ಬಿರುಸು’ ಎಂದರೆ ಉಸಿರು ತುಸು ಜೋರಾಗಬೇಕು, ಎದೆಬಡಿತ ಏರಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. ತರಕಾರಿ ಹೆಚ್ಚುವುದು, ಒಲೆಯ ಮುಂದೆ ನಿಂತು ಚಪಾತಿ ಬೇಯಿಸುವುದು, ಪಾತ್ರೆ ತೊಳೆಯುವುದು ಈ ಮಟ್ಟ ಮುಟ್ಟುವುದಿಲ್ಲ. ಸೊಂಟ ನೋಯುತ್ತದೆ, ಪಾದ ಊದುತ್ತದೆ, ಹೃದಯಕ್ಕೆ ಮಾತ್ರ ಕೆಲಸ ಬೀಳುವುದಿಲ್ಲ. ಅಂಗಳ ಗುಡಿಸುವುದು, ಕೂತು ನೆಲ ಒರೆಸುವುದು, ಕಲ್ಲಿನ ಮೇಲೆ ಬಟ್ಟೆ ಒಗೆಯುವುದು ಆ ಮಟ್ಟವನ್ನು ಮುಟ್ಟುತ್ತವೆ, ದಾಟುವುದೂ ಉಂಟು. ನಮ್ಮ ಅಜ್ಜಿಯರ ಕಾಲದಲ್ಲಿ ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗ ಈ ಲೆಕ್ಕವನ್ನು ತುಂಬಿಸುತ್ತಿದ್ದವು. ಗಿರಣಿ, ಮಿಕ್ಸಿ, ನಲ್ಲಿ ಬಂದದ್ದು ಒಳ್ಳೆಯದೇ. ಆ ದುಡಿಮೆಗೆ ಹಿಂದಿರುಗಿ ಎನ್ನುವವರು ಒಂದು ವಾರ ರಾಗಿ ಬೀಸಿ ನೋಡಬೇಕು. ಆದರೆ ಯಂತ್ರ ಉಳಿಸಿದ ಸಮಯ ಹೆಂಗಸಿನ ಕೈಗೆ ಬರಲಿಲ್ಲ. ಬೇರೆ ಕೆಲಸಗಳು ಬಂದು ಅದನ್ನು ತುಂಬಿಕೊಂಡವು.

ಹೊಲದ ಕೂಲಿಯ ಕತೆ ಇದರ ತಿರುವು ಮುರುವು. ನಾಟಿ ಹಾಕುವವಳು, ಕಳೆ ಕೀಳುವವಳು ವಾರದ 150 ನಿಮಿಷವನ್ನು ಮೊದಲ ದಿನವೇ ಮುಗಿಸುತ್ತಾಳೆ. ಆದರೆ ಆ ಶ್ರಮದಲ್ಲಿ ಬೇಕೆಂದಾಗ ನಿಲ್ಲಿಸುವ ಸ್ವಾತಂತ್ರ್ಯವಿಲ್ಲ, ಬೆನ್ನು ಬಗ್ಗಿಸಿದ ಭಂಗಿ ಬದಲಾಗುವುದಿಲ್ಲ, ಸುಧಾರಿಸಿಕೊಳ್ಳಲು ಹೊತ್ತಿಲ್ಲ, ಹೊಟ್ಟೆಗೆ ಸರಿಯಾದ ಊಟವೂ ಇರುವುದಿಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು 2021ರಲ್ಲಿ ಬಂತು. ಬಿಡುವಿನಲ್ಲಿ ತಾವಾಗಿ ಮಾಡಿದ ಚಟುವಟಿಕೆ ಹೆಚ್ಚಿದಷ್ಟೂ ಹೃದ್ರೋಗದ ಅಪಾಯ ಇಳಿದಿತ್ತು. ಕೆಲಸದ ಜಾಗದ ಭಾರದ ದುಡಿಮೆ ಹೆಚ್ಚಿದಷ್ಟೂ ಅಪಾಯ ಏರಿತ್ತು. ಆದ್ದರಿಂದ ಒಬ್ಬಾಕೆಗೆ ಚಲನೆ ಬೇಕು, ಇನ್ನೊಬ್ಬಾಕೆಗೆ ವಿಶ್ರಾಂತಿ ಮತ್ತು ಕೂಲಿ ಬೇಕು. ಇಬ್ಬರಿಗೂ ‘ವಾಕಿಂಗ್ ಮಾಡಿ’ ಎಂಬ ಒಂದೇ ಚೀಟಿ ಬರೆದುಕೊಡುವುದು ಅನ್ಯಾಯ.

ಹೆಂಗಸರ ಮೈಯ ಬಗ್ಗೆ ವಿಜ್ಞಾನ ತಡವಾಗಿ ಕಣ್ಣು ಬಿಟ್ಟದ್ದೂ ನಿಜ. ಚಲನೆಗೂ ಹೃದಯಕ್ಕೂ ಇರುವ ನಂಟನ್ನು ತೋರಿಸಿದ ಮೊದಲ ಪ್ರಸಿದ್ಧ ಅಧ್ಯಯನ 1953ರದು. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಕೂತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗೆ ಹೃದಯಾಘಾತ ಕಡಿಮೆ ಎಂದು ಸಂಶೋಧಕ ಜೆರ್ರಿ ಮೋರಿಸ್ ಕಂಡುಕೊಂಡರು. ಅವರು ಗಮನಿಸಿದ್ದು ಗಂಡಸರನ್ನು. ಹೆಂಗಸರಿಗಾಗಿ ಅಮೆರಿಕದ ದಾದಿಯರು ಮುಂದೆ ಬರಬೇಕಾಯಿತು. 1976ರಲ್ಲಿ ಶುರುವಾದ ದಾದಿಯರ ಆರೋಗ್ಯ ಅಧ್ಯಯನದಲ್ಲಿ 1,21,700 ಮಂದಿ ಸೇರಿದರು, ವರ್ಷಗಟ್ಟಲೆ ತಮ್ಮ ಊಟ, ನಡಿಗೆ, ಕಾಯಿಲೆಗಳ ವಿವರ ಬರೆದು ಕಳಿಸಿದರು. ಅದರ ಫಲ 1999ರಲ್ಲಿ ಸಿಕ್ಕಿತು: ವಾರಕ್ಕೆ ಮೂರು ಗಂಟೆ ಅಥವಾ ಹೆಚ್ಚು ಬಿರುಸಾಗಿ ನಡೆಯುವವರಿಗೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಮೂರನೆಯ ಒಂದು ಭಾಗದಷ್ಟು ಕಡಿಮೆ. ಜಿಮ್ ಬೇಡ, ಟ್ರ್ಯಾಕ್ ಬೇಡ, ನಡಿಗೆ ಸಾಕು.

ಎಷ್ಟು ಹೆಜ್ಜೆ ಎಂಬ ಪ್ರಶ್ನೆಗೂ ಉತ್ತರವಿದೆ. ಎಲ್ಲರ ಬಾಯಲ್ಲಿರುವ ಹತ್ತು ಸಾವಿರದ ಸಂಖ್ಯೆ 1960ರ ದಶಕದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹಬ್ಬಿದ್ದು. ಸಂಶೋಧಕಿ ಐ-ಮಿನ್ ಲೀ ಅವರ ತಂಡ ಸರಾಸರಿ 72 ವಯಸ್ಸಿನ 16,741 ಹೆಂಗಸರ ಸೊಂಟಕ್ಕೆ ಮಾಪಕ ಕಟ್ಟಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆಯಿತ್ತು. ಲಾಭ ಏರುತ್ತಾ ಹೋಗಿ 7,500ರ ಹತ್ತಿರ ಸಮವಾಯಿತು. ಇನ್ನೂ ಹುರುಪು ತರುವ ಸಂಗತಿ 2024ರಲ್ಲಿ ಬಂತು. ಅಮೆರಿಕದ ನಾಲ್ಕು ಲಕ್ಷಕ್ಕೂ ಹೆಚ್ಚು ವಯಸ್ಕರ ಮಾಹಿತಿಯಲ್ಲಿ, ಗಂಡಸರು ವಾರಕ್ಕೆ 300 ನಿಮಿಷ ವ್ಯಾಯಾಮ ಮಾಡಿ ಪಡೆದ ಲಾಭವನ್ನು ಹೆಂಗಸರು 140 ನಿಮಿಷದಲ್ಲೇ ಪಡೆದಿದ್ದರು. ಸ್ವಲ್ಪವೇ ನಡೆದರೂ ಹೆಚ್ಚು ಗಳಿಸುವ ಮೈ ಹೆಂಗಸಿನದು. ಆ ಸ್ವಲ್ಪವೂ ಸಿಗದಿರುವುದು ಎಷ್ಟು ದೊಡ್ಡ ನಷ್ಟ!

ಒಳಗೆ ನಡೆಯುವುದೇನು? ನಡೆಯುವಾಗ ತೊಡೆ, ಮೀನಖಂಡದ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿಲ್ಲದೆಯೂ ಹೀರಿಕೊಳ್ಳುತ್ತವೆ. 10 ಕೋಟಿಗೂ ಹೆಚ್ಚು ಮಧುಮೇಹಿಗಳಿರುವ ದೇಶಕ್ಕೆ ಇದು ಸಣ್ಣ ವಿಷಯವಲ್ಲ. ಮೂಳೆಗೆ ಭಾರ ಬಿದ್ದಾಗ ಅದು ಗಟ್ಟಿಯಾಗುತ್ತದೆ. ಮೂವತ್ತರ ಹೊತ್ತಿಗೆ ಕೂಡಿದ ಮೂಳೆಯೇ ಮುಂದಿನ ಬದುಕಿಗೆ ಆಧಾರ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು ಮೂಳೆ ಬೇಗ ಸವೆಯುತ್ತದೆ. ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46ರ ಆಸುಪಾಸಿನಲ್ಲಿ, ಪಶ್ಚಿಮದ ಹೆಂಗಸರಿಗಿಂತ ಕೆಲವು ವರ್ಷ ಮೊದಲು. ಸ್ತನ ಕ್ಯಾನ್ಸರ್, ರಕ್ತದೊತ್ತಡ, ಖಿನ್ನತೆ, ಗರ್ಭಿಣಿಯರ ಸಕ್ಕರೆ ಕಾಯಿಲೆ, ಎಲ್ಲದರ ಅಪಾಯವೂ ಚಲನೆಯಿಂದ ಇಳಿಯುತ್ತದೆ.

ಗರ್ಭಿಣಿ ಮತ್ತು ಬಾಣಂತಿಯ ವಿಷಯ ನಮ್ಮಲ್ಲಿ ನಾಜೂಕಿನದು. ಮೊದಲ ಹೆರಿಗೆಗೆ ತವರಿಗೆ ಹೋದ ಮಗಳನ್ನು ತಿಂಗಳುಗಟ್ಟಲೆ ಮಂಚದಿಂದ ಇಳಿಸದೆ ನೋಡಿಕೊಳ್ಳುವುದರಲ್ಲಿ ತಾಯಿಯ ಪ್ರೀತಿಯಿದೆ. ಬದುಕಿನಲ್ಲಿ ಆಕೆಗೆ ಸಿಗುವ ಒಂದೇ ಒಂದು ರಜೆಯೂ ಅದಾಗಿರುತ್ತದೆ. ಆ ವಿಶ್ರಾಂತಿಯನ್ನು ಕಸಿಯಬೇಕಿಲ್ಲ. ಆದರೆ ತೊಡಕಿಲ್ಲದ ಗರ್ಭಿಣಿಯರೂ ಬಾಣಂತಿಯರೂ ವಾರಕ್ಕೆ 150 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ ಮಾಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಡಾಕ್ಟರನ್ನು ಕೇಳಿಕೊಂಡು ದಿನವೂ ಅಂಗಳದಲ್ಲಿ ಓಡಾಡುವುದಕ್ಕೂ ತವರಿನ ಆರೈಕೆಗೂ ಜಗಳವಿಲ್ಲ.

ಇಷ್ಟೆಲ್ಲ ಗೊತ್ತಿದ್ದ ಮೇಲೆ ಹೆಂಗಸರು ಏಕೆ ನಡೆಯುತ್ತಿಲ್ಲ? ಸೋಮಾರಿತನ ಎನ್ನುವವರಿಗೆ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯೇ ಉತ್ತರ. 2024ರಲ್ಲಿ ಮನೆಗೆಲಸ ಮಾಡಿದ ಹೆಂಗಸರು ದಿನಕ್ಕೆ ಅದರಲ್ಲಿ ಕಳೆದದ್ದು 289 ನಿಮಿಷ, ಮನೆಗೆಲಸ ಮಾಡಿದ ಗಂಡಸರು 88 ನಿಮಿಷ. ಮಕ್ಕಳು, ಹಿರಿಯರನ್ನು ನೋಡಿಕೊಳ್ಳುವ ಹೊತ್ತು ಇದರ ಮೇಲೆ. ಇದೇ ಸಮೀಕ್ಷೆಯ 2019ರ ಸುತ್ತಿನ ಮಾಹಿತಿಯಿಂದ ದೆಹಲಿ ಐಐಟಿಯ ರಾಹುಲ್ ಗೋಯಲ್ ತೆಗೆದ ಅಂಕಿ ಇನ್ನೂ ನೋವು ತರುತ್ತದೆ: ಭಾರತದ ನಗರಗಳಲ್ಲಿ ಸಮೀಕ್ಷೆಯ ದಿನ ಶೇ. 53ರಷ್ಟು ಹೆಂಗಸರು ಮನೆಯ ಹೊಸಿಲನ್ನೇ ದಾಟಿರಲಿಲ್ಲ. ಗಂಡಸರಲ್ಲಿ ಶೇ. 14. ಹೊರಗೇ ಬಾರದವಳಿಗೆ ಹೆಜ್ಜೆಯ ಲೆಕ್ಕ ಹೇಳಿ ಏನು ಪ್ರಯೋಜನ?

ಮೈಯಲ್ಲಿ ರಕ್ತವಿಲ್ಲದಿರುವುದೂ ಒಂದು ಅಡ್ಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆಯಿತ್ತು. ಅದೇ ಸಮೀಕ್ಷೆಯಲ್ಲಿ ಶೇ. 30ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು. ಎರಡೂ ಒಬ್ಬಳಲ್ಲೇ ಇರುವುದೂ ಉಂಟು. ಹಿಮೋಗ್ಲೋಬಿನ್ ಕಡಿಮೆಯಿದ್ದಾಗ ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತದೆ. ಅಂಥವಳಿಗೆ ಕಬ್ಬಿಣದ ಮಾತ್ರೆ, ಸೊಪ್ಪು, ಕಾಳು, ಮೊಟ್ಟೆ ಮೊದಲು. ನಡಿಗೆ ಅದರ ಜೊತೆಗೆ.

ಜೆಫ್ರಿ ರೋಸ್ ಎಂಬ ಬ್ರಿಟಿಷ್ ತಜ್ಞರು 1985ರಲ್ಲಿ ಬರೆದ ಲೇಖನವೊಂದು ಸಾರ್ವಜನಿಕ ಆರೋಗ್ಯದ ದಾರಿಯನ್ನೇ ಬದಲಿಸಿತು. ಈ ಒಬ್ಬರಿಗೆ ಕಾಯಿಲೆ ಏಕೆ ಬಂತು ಎಂಬುದು ಒಂದು ಪ್ರಶ್ನೆ. ಈ ಇಡೀ ಊರಿಗೆ ಇಷ್ಟು ಕಾಯಿಲೆ ಏಕೆ ಎಂಬುದು ಬೇರೆಯೇ ಪ್ರಶ್ನೆ, ಅದರ ಉತ್ತರವೂ ಬೇರೆ ಎಂದು ಅವರು ತೋರಿಸಿದರು. ಹೆಚ್ಚು ಅಪಾಯದಲ್ಲಿರುವ ಕೆಲವರನ್ನು ಹಿಡಿದು ತಿದ್ದುವುದಕ್ಕಿಂತ ಎಲ್ಲರ ಬದುಕಿನಲ್ಲಿ ಸಣ್ಣ ಬದಲಾವಣೆ ತಂದರೆ ಉಳಿಯುವ ಜೀವಗಳು ಹೆಚ್ಚು. ಹೆಂಗಸರ ಚಲನೆಯ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 111 ದೇಶಗಳ ಏಳು ಲಕ್ಷಕ್ಕೂ ಹೆಚ್ಚು ಜನರ ಮೊಬೈಲಿನ ಹೆಜ್ಜೆಗಳನ್ನು ಕೂಡಿಸಿ ನೋಡಿದರು. ಜನರ ನಡಿಗೆಯಲ್ಲಿ ಅಸಮಾನತೆ ಹೆಚ್ಚಿದ ದೇಶಗಳಲ್ಲಿ ಗಂಡಸರಿಗಿಂತ ಹೆಂಗಸರ ಹೆಜ್ಜೆಗಳು ಬಹಳ ಹೆಚ್ಚು ಕುಗ್ಗಿದ್ದವು. ಅಮೆರಿಕದ ಊರುಗಳನ್ನು ಹೋಲಿಸಿದಾಗ, ನಡೆಯಲು ಅನುಕೂಲವಿದ್ದ ಊರುಗಳಲ್ಲಿ ಈ ಅಂತರ ಕಿರಿದಾಗಿತ್ತು. ಫುಟ್‌ಪಾತ್ ಎಂಬುದು ಲೋಕೋಪಯೋಗಿ ಇಲಾಖೆಯ ವಿಷಯವೆಂದು ತಿಳಿದಿದ್ದೇವೆ. ಅದು ಹೆಂಗಸರ ಆರೋಗ್ಯ ಇಲಾಖೆಯ ವಿಷಯವೂ ಹೌದು.

ಹತ್ತಿರದ ಉದಾಹರಣೆಗಳೇ ಸಾಕಷ್ಟಿವೆ. ಚೆನ್ನೈನ ಒಂದು ಬಡಾವಣೆಯಲ್ಲಿ ಮಧುಮೇಹ ತಜ್ಞ ವಿ. ಮೋಹನ್ ಅವರ ತಂಡ ಸಮೀಕ್ಷೆ ಮಾಡಿ, ಜನರಿಗೆ ತಿಳಿವಳಿಕೆ ಕೊಟ್ಟಿತು. ನಡೆಯಲು ಜಾಗವೇ ಇಲ್ಲವೆಂದು ಅರಿತ ನಿವಾಸಿಗಳು ತಾವೇ ಹಣ ಕೂಡಿಸಿ ಪಾರ್ಕು ಕಟ್ಟಿಸಿಕೊಂಡರು. ನಿಯಮಿತವಾಗಿ ವ್ಯಾಯಾಮ ಮಾಡುವವರ ಪ್ರಮಾಣ ಸುಮಾರು ಶೇ. 14ರಿಂದ 59ಕ್ಕೆ ಏರಿತು. ಹಣವುಳ್ಳ ಬಡಾವಣೆಗೆ ಇದು ಸಾಧ್ಯವಾಯಿತು ಎನ್ನಬಹುದು. ಹಾಗಾದರೆ ಪುದುಕೋಟೆಯನ್ನು ನೋಡಿ. 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಆ ಬಡ ಜಿಲ್ಲೆಯ ಸಾಕ್ಷರತಾ ಚಳವಳಿ, ಜಿಲ್ಲಾಧಿಕಾರಿ ಶೀಲಾರಾಣಿ ಚುಂಕತ್ ಅವರ ಬೆಂಬಲದಲ್ಲಿ, ಅಕ್ಷರದ ಜೊತೆಗೆ ಹೆಂಗಸರಿಗೆ ಸೈಕಲ್ಲನ್ನೂ ಕಲಿಸಿತು. ಹೊಲದ ಕೂಲಿಯವರು, ಕಲ್ಲು ಕ್ವಾರಿಯವರು, ಶಾಲೆಯ ಟೀಚರುಗಳು ಸಾವಿರಗಟ್ಟಲೆ ಸೈಕಲ್ ಹತ್ತಿದರು. ಜನ ಆಡಿಕೊಂಡರು, ಇವರು ತುಳಿದರು. ಲೇಡೀಸ್ ಸೈಕಲ್ ಸಿಗದಾದಾಗ ಜೆಂಟ್ಸ್ ಸೈಕಲ್ಲನ್ನೇ ಕೊಂಡರು. ಅದರ ಅಡ್ಡ ಸರಳಿನ ಮೇಲೆ ಮಗುವನ್ನು ಕೂರಿಸಬಹುದಿತ್ತು. ಅಲ್ಲಿ ಆರೋಗ್ಯದ ಮಾತು ಮುಂದಿರಲಿಲ್ಲ. ನೀರು ತರಲು, ಕೆಲಸಕ್ಕೆ ಹೋಗಲು ಯಾರ ಬೆನ್ನಿಗೂ ಬೀಳದೆ ಹೊರಡುವುದೇ ಗುರಿಯಾಗಿತ್ತು. ಚಲನೆ ತಾನಾಗಿ ಬಂತು.

ಕರ್ನಾಟಕದಲ್ಲೂ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದಾಗ ಹಳ್ಳಿಯ ರಸ್ತೆಗಳಲ್ಲಿ ಸಾಲುಸಾಲು ಹುಡುಗಿಯರು ಕಂಡರು. ಹುಡುಗಿಯರ ಓಟ ನಿಲ್ಲುವುದೇ ಆ ವಯಸ್ಸಿನಲ್ಲಿ. ಮೈನೆರೆದ ಮೇಲೆ ಆಟದ ಮೈದಾನ ಹುಡುಗರದಾಗುತ್ತದೆ, ಪಿ.ಟಿ. ಅವಧಿಯಲ್ಲಿ ಹುಡುಗಿಯರು ಮರದ ಕೆಳಗೆ ಕೂರುತ್ತಾರೆ. ನೀರಿರುವ ಶೌಚಾಲಯ, ಪ್ಯಾಡು, ಮೈದಾನದ ಮೇಲೆ ಹುಡುಗಿಯರಿಗೂ ಸಮಪಾಲು ಸಿಕ್ಕರೆ ಈ ಓಟ ಮುಂದುವರಿಯುತ್ತದೆ. ಹೆಂಗಸರಿಗೆ ಬಸ್ ಪ್ರಯಾಣವನ್ನು ಉಚಿತಗೊಳಿಸಿ 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯನ್ನೂ ನಾನು ಇದೇ ಸಾಲಿನಲ್ಲಿ ಇಡುತ್ತೇನೆ. ಪ್ರತಿ ಬಸ್ ಪ್ರಯಾಣದ ಎರಡೂ ತುದಿಯಲ್ಲಿ ನಡಿಗೆಯಿದೆ. ಅದಕ್ಕಿಂತ ಹೆಚ್ಚಾಗಿ, ಟಿಕೆಟ್ಟಿನ ದುಡ್ಡಿಗಾಗಿ ಯಾರನ್ನೂ ಕೇಳದೆ ಮನೆಯಿಂದ ಹೊರಡುವ ಅಭ್ಯಾಸವಿದೆ.

ಈ ಪುಟವನ್ನು ಓದುತ್ತಿರುವ ಗಂಡಸರು ವಾರದಲ್ಲಿ ಐದು ಸಂಜೆ ಅರ್ಧ ಗಂಟೆ ಅಡುಗೆಮನೆಯನ್ನು ವಹಿಸಿಕೊಳ್ಳಿ. ಅಷ್ಟಕ್ಕೆ ಮನೆಯ ಹೆಂಗಸಿಗೆ 150 ನಿಮಿಷ ಕೈಗೆ ಬರುತ್ತದೆ. ಹೆಂಗಸರೇ, ಒಬ್ಬರೇ ಹೊರಡಲು ಹಿಂಜರಿಕೆಯಾದರೆ ಸ್ವಸಹಾಯ ಸಂಘದ ಗೆಳತಿಯರ ಜೊತೆ ಹೊರಡಿ. ನಾಲ್ವರು ಒಟ್ಟಿಗಿದ್ದರೆ ಬೀದಿಯ ಕಣ್ಣುಗಳು ತಗ್ಗುತ್ತವೆ. ಇಷ್ಟು ನಮ್ಮ ಕೈಯಲ್ಲೇ ಇರುವ ಕೆಲಸ. ಬೀದಿದೀಪ, ನಡೆಯಲು ದಾರಿ, ಶುಚಿಯಾದ ಸಾರ್ವಜನಿಕ ಶೌಚಾಲಯ, ಸಂಜೆ ಹೆಂಗಸರಿಗೂ ತೆರೆದಿರುವ ಶಾಲಾ ಮೈದಾನ, ಇವನ್ನು ಒಬ್ಬಳು ತಾನಾಗಿ ಮಾಡಿಕೊಳ್ಳಲಾರಳು. ಮುಂದಿನ ಮಹಿಳಾ ಗ್ರಾಮಸಭೆಯಲ್ಲಿ ಈ ನಾಲ್ಕನ್ನೂ ಕೇಳಿ, ಬರೆಸಿ, ಸಹಿ ಹಾಕಿಸಿ ಪಿಡಿಒ ಕೈಗೆ ಕೊಡಿ. ನಗರದಲ್ಲಿದ್ದರೆ ವಾರ್ಡ್ ಕಚೇರಿಗೆ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.