ಬೆರಗಾದವರು ಯಾರು, ಬೆರಗಿನದು ಯಾವುದು?

ಮಕ್ಕಳು ಆಂಗ್ಲ ಮಾಧ್ಯಮದಲ್ಲಿ ಓದುತ್ತಿರುವ ಮನೆಗಳಲ್ಲಿ ‘ಅಮೇಜಿಂಗ್’ ಎಂಬ ಮಾತು ಕೇಳಿಬರದ ದಿನವಿಲ್ಲ. ಕೊಪ್ಪಳಕ್ಕೆ ಹೊಂದಿಕೊಂಡಿರುವ ನೇಕಾರರ ಊರಾದ ಭಾಗ್ಯನಗರವೂ ಇದಕ್ಕೆ ಹೊರತಲ್ಲ. ಸೀರೆಯ ಸೆರಗೂ ಅಮೇಜಿಂಗ್, ಅಜ್ಜಿಯ ಹೋಳಿಗೆಯೂ ಅಮೇಜಿಂಗ್! ಹೀಗೆ ಆ ಪದವು ಕೇವಲ ಮೆಚ್ಚುಗೆಯ ಮಾತಾಗಿ ಸವೆದುಹೋಗಿದೆ. ಮಹದಾಶ್ಚರ್ಯವನ್ನು ನಿಜವಾಗಿ ಹೇಳಬೇಕಾದಾಗ ಇಂಗ್ಲಿಷಿನಲ್ಲಿ ‘ಅಸ್ಟಾನಿಶ್ಡ್’ ಎಂಬ ವಿಶೇಷಣವೇ ಬೇಕಾಗುತ್ತದೆ.

ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿ ಗುಡುಗು ಎಂಬ ಅರ್ಥ ಕೊಡುವ ಧಾತುವಿನಲ್ಲಿದೆ. ಗುಡುಗಿನ ಆಘಾತಕ್ಕೆ ಸಿಕ್ಕು ಸ್ತಬ್ಧನಾದವನು ಎಂಬುದು ಅದರ ಹಿಂದಿರುವ ಚಿತ್ರ. ನಾವು ‘ಸಿಡಿಲು ಬಡಿದಂತಾಯಿತು’ ಎನ್ನುವುದಿಲ್ಲವೇ? ‘ಅಮೇಜ್’ ಎಂಬುದಕ್ಕೂ ದಾರಿ ತಪ್ಪಿಸುವ ಸುತ್ತುಹಾದಿಯ ಹೆಸರಿಗೂ ನಂಟುಂಟು. ನಮ್ಮ ‘ದಿಗ್ಭ್ರಮೆ’ಯೂ ದಿಕ್ಕು ತಪ್ಪಿದವನ ಅವಸ್ಥೆಯೇ. ಸಂಸ್ಕೃತದ ‘ಚಕಿತ’ ಪದದಲ್ಲಿ ಭಯದ ನಡುಕವಿದೆ. ಆಶ್ಚರ್ಯದ ಮಾತುಗಳಲ್ಲಿ ಅಂಜಿಕೆ ಬೆರೆತಿರುವುದು ಎರಡೂ ಕಡೆ ಸಮಾನವೆಂಬುದು ಗಮನಾರ್ಹ.

ಬಳಕೆಯಲ್ಲಿ ಎಡವುವುದು ಕೊನೆಯ ಅಕ್ಷರಗಳಲ್ಲಿ. ಅನುಭವಿಸಿದವನಿಗೆ ‘ಅಸ್ಟಾನಿಶ್ಡ್’, ಅನುಭವಕ್ಕೆ ಕಾರಣವಾದ ವಸ್ತುವಿಗೆ ‘ಅಸ್ಟಾನಿಶಿಂಗ್’. ನಮ್ಮ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ನಿರ್ಮಾಣವಾದ, ಶಾಸನವು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಮಹಾದೇವ ದೇಗುಲದ ಮುಂದೆ ನಿಂತಿದ್ದೇವೆ ಎನ್ನೋಣ. ದೇಗುಲ ‘ಅಸ್ಟಾನಿಶಿಂಗ್’, ನಾವು ‘ಅಸ್ಟಾನಿಶ್ಡ್’. ಇದನ್ನು ಅದಲುಬದಲು ಮಾಡಿದ ಬಾಲಕನು ‘ನಾನು ಬೆರಗಾದೆ’ ಎನ್ನಲು ಹೋಗಿ ‘ನಾನೇ ಒಂದು ಬೆರಗು’ ಎಂದು ಸಾರಿದಂತಾಗುತ್ತದೆ! ಕನ್ನಡದಲ್ಲಿ ‘ಆಶ್ಚರ್ಯಕರ’ ಮತ್ತು ‘ಆಶ್ಚರ್ಯಚಕಿತ’ ಎಂಬ ಜೋಡಿಯನ್ನು ತಿಳಿದ ಮಗುವಿಗೆ ಈ ಭೇದವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ. ಆ ಜೋಡಿಯನ್ನೇ ಮನೆಯಲ್ಲಿ ಕೇಳದ ಮಗು ವ್ಯಾಕರಣದ ಪುಸ್ತಕವನ್ನು ಎಷ್ಟು ಉರುಹೊಡೆದರೇನು?

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜೊತೆಗೆ ಕೊಪಣವನ್ನೂ ಹೆಸರಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಂಥ ನೆಲದ ಮನೆಗಳಲ್ಲಿ ಆಶ್ಚರ್ಯಕ್ಕೆ ಒಂದೇ ಮಾತು ಉಳಿಯುವುದು ಸಣ್ಣ ನಷ್ಟವಲ್ಲ. ಹುಬ್ಬೇರಿಸುವುದು ಬೇರೆ, ಮೂಗಿನ ಮೇಲೆ ಬೆರಳಿಡುವುದು ಬೇರೆ. ದಂಗುಬಡಿಯುವುದು ಇನ್ನೂ ಮೇಲಿನದು, ಬೆಕ್ಕಸಬೆರಗಾಗುವುದು ಅದಕ್ಕೂ ಮಿಗಿಲು. ‘ಅಸ್ಟಾನಿಶ್ಡ್’ ಎಂಬುದಕ್ಕೆ ಈ ಕೊನೆಯ ಎರಡರ ಆಸುಪಾಸಿನಲ್ಲಿ ಸ್ಥಾನ ಕೊಡಬಹುದು. ‘ಅಚ್ಚರಿ’ಯಂತೂ ‘ಆಶ್ಚರ್ಯ’ದ ತದ್ಭವವೇ ಆದರೂ ಅದರಷ್ಟು ಗಂಭೀರವಲ್ಲ, ಮಕ್ಕಳ ಬಾಯಿಗೆ ಹಗುರವಾಗಿ ಬರುವ ಮಾತು.

‘ಹೈರಾಣ’ ಎಂಬ ಪದದ ಕಥೆ ಇನ್ನೂ ಸ್ವಾರಸ್ಯಕರ. ಅರಬ್ಬಿ ಮೂಲದ ಈ ಮಾತಿಗೆ ಬೆರಗಾದವನು, ಕಂಗೆಟ್ಟವನು ಎಂದೇ ಅರ್ಥ. ಉರ್ದುವಿನಲ್ಲಿ ಇಂದಿಗೂ ಅದು ಆಶ್ಚರ್ಯವನ್ನು ಸೂಚಿಸುತ್ತದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಭಾಗದ ಕಿವಿಗೆ ಉರ್ದು ಹೊಸದೇನಲ್ಲ. ಆದರೆ ನಮ್ಮ ಹಿರಿಯರು ‘ಮಗಳ ಮದುವೆ ಮಾಡಿ ಹೈರಾಣಾದೆ’ ಎಂದರೆ ಅಲ್ಲಿ ಬೆರಗಿಲ್ಲ, ಬರೀ ದಣಿವು!

ಶರಣರು ಈ ಬೆರಗಿಗೆ ಬೇರೆಯೇ ಎತ್ತರವನ್ನಿತ್ತರು. ಅಲ್ಲಮಪ್ರಭುಗಳ ವಚನಗಳಲ್ಲಿ ಬೆರಗು, ನಿಬ್ಬೆರಗು ಎಂಬವು ಸುದ್ದಿ ಕೇಳಿ ಬಾಯಿಬಿಡುವ ಸ್ಥಿತಿಯಲ್ಲ; ಅರಿವು ತುಂಬಿ ಮಾತು ನಿಂತುಹೋಗುವ ನಿಲುವು. ಅದಕ್ಕೆ ‘ಅಸ್ಟಾನಿಶ್ಡ್’ ಎಂದು ಅನುವಾದಿಸಿದರೆ ಗುಡುಗಷ್ಟೇ ಉಳಿದು ಮೌನ ಜಾರಿಹೋಗುತ್ತದೆ. ಆದ್ದರಿಂದ ಮಗು ಆ ಇಂಗ್ಲಿಷ್ ಪದಕ್ಕೆ ಕನ್ನಡವೇನೆಂದು ಕೇಳಿದಾಗ, ಏನನ್ನು ಕಂಡು ಆಶ್ಚರ್ಯವಾಯಿತೆಂದು ಮೊದಲು ವಿಚಾರಿಸಬೇಕು. ಕ್ರಿಕೆಟ್ ಪಂದ್ಯದ ಫಲಿತಾಂಶವಾಗಿದ್ದರೆ ‘ದಂಗಾದೆ’ ಸಾಕು.